ಹೆಸರಿಗೆ ಮುಂಚಿನ ರೋಗ: ಲಿನ್‌ಶಿಯನ್ ಮತ್ತು ಅನ್ನನಾಳದ ಕ್ಯಾನ್ಸರ್ ತಪಾಸಣೆಯ ವಯಸ್ಸು

ಒಂದು ಜನಸಮುದಾಯವು ರೋಗಕ್ಕೆ ಇಟ್ಟ ಹೆಸರಿನಲ್ಲಿ, ಆ ರೋಗವನ್ನು ಅದು ಯಾವ ಹಂತದಲ್ಲಿ ಗುರುತಿಸಿತು ಎಂಬುದರ ಸೂಚನೆ ಇರುತ್ತದೆ. ಚೀನದ ಸಾಂಪ್ರದಾಯಿಕ ವೈದ್ಯದಲ್ಲಿ ಅನ್ನನಾಳದ ಕ್ಯಾನ್ಸರನ್ನೂ ಒಳಗೊಂಡ ನುಂಗಲಾಗದ ಬೇನೆಗೆ ‘ಯೆಗೆ’ ಎಂಬ ಹೆಸರು ಬಹು ಹಿಂದಿನಿಂದ ಬಳಕೆಯಲ್ಲಿದೆ. ಈ ಪದದ ಮೊದಲ ಭಾಗಕ್ಕೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಎಂದೂ ಎರಡನೆಯ ಭಾಗಕ್ಕೆ ವಪೆ ಎಂದೂ ಅರ್ಥ. ಅಂದರೆ ಆಹಾರದ ದಾರಿ ಕಟ್ಟಿಕೊಂಡ ಮೇಲೆ ಮಾತ್ರ ಈ ರೋಗ ಹೆಸರು ಪಡೆಯುತ್ತದೆ. ಆಧುನಿಕ ವೈದ್ಯಶಾಸ್ತ್ರದ ಪ್ರಕಾರ ಅದು ರೋಗದ ಆರಂಭವಲ್ಲ, ಬಹುಪಾಲು ಅಂತ್ಯದ ಹಂತ. ಹೆಸರು ಹುಟ್ಟುವ ಮುನ್ನವೇ ರೋಗವನ್ನು ಹುಡುಕಬೇಕಾದರೆ ಆರೋಗ್ಯವಂತರನ್ನು ಯಾವ ವಯಸ್ಸಿನಲ್ಲಿ ತಪಾಸಣೆಗೆ ಕರೆಯಬೇಕು ಎಂಬ ಪ್ರಶ್ನೆಯನ್ನು ದೀರ್ಘಕಾಲ ಎದುರಿಸಿದ ಪ್ರದೇಶವೆಂದರೆ ಹೆನಾನ್ ಪ್ರಾಂತ್ಯದ ಲಿನ್‌ಶಿಯನ್. ತೈಹಾಂಗ್ ಪರ್ವತಶ್ರೇಣಿಯ ತಪ್ಪಲಿನ ಈ ಜಿಲ್ಲೆಯನ್ನು 1994ರಿಂದ ಲಿನ್‌ಝೌ ಎಂದು ಕರೆಯಲಾಗುತ್ತಿದೆ.

ಈ ಸೀಮೆಯಲ್ಲಿ ರೋಗದ ನೆನಪು ಬಹಳ ಹಳೆಯದು. ಗಂಟಲಿನ ಬೇನೆಯಿಂದ ಪಾರಾಗಲು ಜನ ಹರಕೆ ಹೊತ್ತು ನಡೆದುಕೊಳ್ಳುತ್ತಿದ್ದ ಗಂಟಲುದೇವರ ಗುಡಿಯೊಂದು ಇತ್ತೆಂಬುದನ್ನು ರೋಗಶಾಸ್ತ್ರದ ಸಂಶೋಧಕರೂ ದಾಖಲಿಸಿದ್ದಾರೆ. 20ನೆಯ ಶತಮಾನದ ನಡುವಿನಲ್ಲಿ ಲಿನ್‌ಶಿಯನ್ನಿನ ಸಂಕಟವನ್ನು ಮೂರು ‘ಹಾಯದು’ಗಳಾಗಿ ಹೇಳುವ ಮಾತು ಪ್ರಚಲಿತವಾಗಿತ್ತು: ಅಲ್ಲಿ ನೀರು ಹಾಯದು, ದಾರಿ ಹಾಯದು, ಅನ್ನನಾಳವೂ ಹಾಯದು. ಬರಗಾಲ, ದುರ್ಗಮತೆ, ರೋಗ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುವ ಈ ಮಾತು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾದುದು. ಕ್ಯಾನ್ಸರನ್ನು ಒಬ್ಬ ವ್ಯಕ್ತಿಯ ದುರ್ದೈವವೆಂದು ಕಾಣದೆ ನೆಲದ ಗುಣವೆಂದು ಜನ ಗ್ರಹಿಸಿದ್ದರು. 1960ರಿಂದ 1969ರವರೆಗೆ ಬೆಟ್ಟವನ್ನು ಕಡಿದು ನಿರ್ಮಿಸಿದ ಕೆಂಬಾವುಟ ಕಾಲುವೆ ಮೊದಲ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಮೂರನೆಯದಕ್ಕೆ ಅಂಥ ನೇರ ಪರಿಹಾರವಿರಲಿಲ್ಲ.

1959ರಿಂದ ಲಿನ್‌ಶಿಯನ್ನಿನಲ್ಲಿ ಈ ರೋಗದ ವ್ಯವಸ್ಥಿತ ಸಮೀಕ್ಷೆ ನಡೆಯಿತು. ವರ್ಷಕ್ಕೆ ಲಕ್ಷ ಜನರಲ್ಲಿ 100ಕ್ಕೂ ಹೆಚ್ಚು ಮಂದಿ ಈ ರೋಗಕ್ಕೆ ತುತ್ತಾಗುತ್ತಿದ್ದ, ಜಗತ್ತಿನಲ್ಲೇ ಅತ್ಯಂತ ಹೆಚ್ಚು ಪ್ರಮಾಣದ ಪ್ರದೇಶಗಳಲ್ಲಿ ಇದೂ ಒಂದು. ಗಂಡಸರಷ್ಟೇ ಅಲ್ಲದೆ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಬಲಿಯಾಗುತ್ತಿದ್ದರು. ಮನೆಗಳಲ್ಲಿ ಸಾಕಿದ ಕೋಳಿಗಳಲ್ಲಿಯೂ ಗಂಟಲು ಮತ್ತು ಅನ್ನನಾಳದ ಕ್ಯಾನ್ಸರ್ ಕಂಡುಬಂದಾಗ, ಮನುಷ್ಯರೂ ಕೋಳಿಗಳೂ ಹಂಚಿಕೊಳ್ಳುವ ನೀರು ಮತ್ತು ಆಹಾರದತ್ತ ಸಂಶೋಧನೆ ತಿರುಗಿತು. ಹುಳಿಗಟ್ಟಿಸಿ ಬೂಸಲು ಹಿಡಿದ ತರಕಾರಿ, ನೈಟ್ರೋಸಮೈನ್‌ಗಳು, ಪೋಷಕಾಂಶಗಳ ಕೊರತೆ, ಕಲ್ಲಿದ್ದಲ ಒಲೆಯ ಹೊಗೆ ಇವೆಲ್ಲವೂ ಒಂದೊಂದಾಗಿ ಪರಿಶೀಲನೆಗೆ ಒಳಗಾದವು. ಆದರೆ ಯಾವುದೊಂದೂ ಏಕೈಕ ಕಾರಣವೆಂದು ಸಿದ್ಧವಾಗಲಿಲ್ಲ. ಕಾರಣವನ್ನು ತೊಡೆಯಲಾಗದ ಕಡೆ ರೋಗವನ್ನು ಮೊದಲೇ ಹಿಡಿಯುವುದು ಅನಿವಾರ್ಯವಾಯಿತು.

ಅದಕ್ಕೆ ಸಾಧನವನ್ನು ಒದಗಿಸಿದವರು ಹೆನಾನ್ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರಜ್ಞ ಶೆನ್ ಚಿಯೋಂಗ್. ತೆಳುವಾದ ರಬ್ಬರ್ ಕೊಳವೆಯ ತುದಿಗೆ ಬಲೆಯಂಥ ಹೊದಿಕೆಯ ಪುಟ್ಟ ಬಲೂನು. ಅದನ್ನು ನುಂಗಿಸಿ, ಒಳಗೆ ಇಳಿದ ಮೇಲೆ ಗಾಳಿ ತುಂಬಿ, ಮೆಲ್ಲನೆ ಮೇಲಕ್ಕೆ ಎಳೆದರೆ ಅನ್ನನಾಳದ ಒಳಗೋಡೆಯ ಜೀವಕೋಶಗಳು ಬಲೆಗೆ ಅಂಟಿಕೊಂಡು ಬರುತ್ತಿದ್ದವು. ಅವುಗಳನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತಿತ್ತು. ಈ ವಿಧಾನಕ್ಕೆ ಚೀನೀ ಭಾಷೆಯಲ್ಲಿ ನಿಂತ ಹೆಸರು ‘ಲಾವಾಂಗ್’, ಅಂದರೆ ಬಲೆ ಎಳೆಯುವುದು. ಪ್ರಯೋಗಾಲಯದ ಪರಿಭಾಷೆಯ ಬದಲು ಮೀನುಗಾರಿಕೆಯ ಮಾತೇ ಈ ಪರೀಕ್ಷೆಯ ಹೆಸರಾದದ್ದು ಅರ್ಥಪೂರ್ಣ. ಬಲೆಗೆ ಏನು ಬೀಳುವುದೆಂದು ಮೊದಲೇ ಗೊತ್ತಿರುವುದಿಲ್ಲ. ಚೆನ್ನಾಗಿ ಉಂಡು ದುಡಿಯುತ್ತಿದ್ದ ರೈತರು ಈ ಬಲೂನನ್ನು ನುಂಗಲು ಸಾಲುಗಟ್ಟಿದರು. ಹೀಗೆ ಆರಂಭದಲ್ಲೇ ಪತ್ತೆಯಾಗಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ 100ಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟಿ ಬದುಕಿದರೆಂಬ ವರದಿಗಳು ಬಂದವು. ತುತ್ತು ಇಳಿಯದ ಹಂತದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಹಾಗೆ ಬದುಕಿದವರು ತೀರ ವಿರಳ.

ಆರಂಭದ ಈ ಸಾಮೂಹಿಕ ತಪಾಸಣೆಗಳಲ್ಲಿ 30 ವರ್ಷ ದಾಟಿದವರನ್ನೂ ಕರೆಯಲಾಗುತ್ತಿತ್ತು. ಅನಂತರದ ದಶಕಗಳಲ್ಲಿ ಈ ಗಡಿ ಕೆಳಗಿಳಿಯದೆ ಮೇಲೇರಿತು. 1980ರ ದಶಕದ ನಡುವಿನಲ್ಲಿ ಆರಂಭವಾಗಿ 1991ರವರೆಗೆ ನಡೆದ ಪೋಷಕಾಂಶಗಳ ದೊಡ್ಡ ಪ್ರಯೋಗಕ್ಕೆ ಆರಿಸಿಕೊಂಡ ಸುಮಾರು 30,000 ಜನರ ವಯಸ್ಸು 40ರಿಂದ 69. 2005ರಿಂದ ಸರಕಾರದ ನೆರವಿನಲ್ಲಿ ಹೆಚ್ಚು ಅಪಾಯದ ಪ್ರದೇಶಗಳಲ್ಲಿ ನಡೆದ ತಪಾಸಣೆಗೂ ಇದೇ ವಯೋಮಿತಿ ಇತ್ತು. ಹೆನಾನಿನದೇ ಆದ ಹುವಾಶಿಯನ್ ಜಿಲ್ಲೆಯ 668 ಹಳ್ಳಿಗಳಲ್ಲಿ 2012ರಲ್ಲಿ ಆರಂಭವಾದ ಪ್ರಯೋಗ 45ರಿಂದ 69 ವರ್ಷದವರನ್ನು ಆರಿಸಿಕೊಂಡಿತು. 2022ರ ಚೀನೀ ಮಾರ್ಗದರ್ಶಿಯು ಅಪಾಯ ಹೆಚ್ಚಿರುವವರಿಗೆ 45ರಲ್ಲಿ ಆರಂಭಿಸಿ, 75ಕ್ಕೆ ಅಥವಾ ಇನ್ನು ಐದು ವರ್ಷ ಬದುಕುವ ನಿರೀಕ್ಷೆ ಇಲ್ಲದಾಗ ನಿಲ್ಲಿಸಬೇಕೆಂದು ಸೂಚಿಸಿತು.

ಮೊದಲೇ ಹಿಡಿಯುವುದು ಒಳ್ಳೆಯದಾದರೆ ಇನ್ನೂ ಮೊದಲೇ ಆರಂಭಿಸುವುದು ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರ ರೋಗದ ನಡಿಗೆಯಲ್ಲೇ ಇದೆ. ಬಲೂನು ಅನೇಕ ಪ್ರಕರಣಗಳನ್ನು ಕೈಬಿಡುತ್ತಿತ್ತೆಂಬುದು 1990ರ ದಶಕದಲ್ಲಿ ಸ್ಪಷ್ಟವಾಗಿ, ಅದರ ಸ್ಥಾನಕ್ಕೆ ಅಯೋಡಿನ್ ದ್ರಾವಣ ಬಳಿದು ನೋಡುವ ಎಂಡೋಸ್ಕೋಪಿ ಬಂದಿತು. ಆರೋಗ್ಯವಾದ ಒಳಪದರ ಕಂದುಬಣ್ಣ ತಾಳುತ್ತದೆ. ಕೆಟ್ಟ ಭಾಗ ಬಣ್ಣ ಹಿಡಿಯದೆ ಉಳಿಯುತ್ತದೆ. ಎಂಡೋಸ್ಕೋಪಿಯಿಂದ ಪರೀಕ್ಷಿಸಲ್ಪಟ್ಟ ಲಿನ್‌ಶಿಯನ್ನಿನ 682 ಜನರನ್ನು ಹದಿಮೂರೂವರೆ ವರ್ಷ ಅನುಸರಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಜೀವಕೋಶಗಳ ತೀವ್ರ ವಿಕೃತಿ ಇದ್ದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು, ಮಧ್ಯಮ ವಿಕೃತಿ ಇದ್ದವರಲ್ಲಿ ಅರ್ಧದಷ್ಟು, ಅಲ್ಪ ವಿಕೃತಿ ಇದ್ದವರಲ್ಲಿ ಸುಮಾರು ಕಾಲುಭಾಗ ಮಂದಿಗೆ ಕ್ಯಾನ್ಸರ್ ತಗುಲಿತು. ಅಂದರೆ ಅಲ್ಪ ವಿಕೃತಿ ಕಂಡ ನಾಲ್ವರಲ್ಲಿ ಮೂವರು ಅಷ್ಟು ವರ್ಷಗಳಲ್ಲಿ ಕ್ಯಾನ್ಸರಿಗೆ ಒಳಗಾಗಲೇ ಇಲ್ಲ. ಎಳೆಯ ವಯಸ್ಸಿನಲ್ಲಿ ಕ್ಯಾನ್ಸರ್ ವಿರಳ. ಅಲ್ಲಿ ಬಲೆ ಬೀಸಿದರೆ ಸಿಗುವುದು ಹೆಚ್ಚಾಗಿ ನಿರಪಾಯದ ಬದಲಾವಣೆಗಳೇ. ಅವುಗಳೊಂದಿಗೆ ಬರುವುದು ಮರುಪರೀಕ್ಷೆ, ಖರ್ಚು ಮತ್ತು ರೋಗಿಯೆಂಬ ಹಣೆಪಟ್ಟಿ. ತೀರ ತಡಮಾಡಿದರೆ ‘ಯೆಗೆ’ ಮೊದಲೇ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ನಿರೂಪಿಸಿದ ತಪಾಸಣೆಯ ಸೂತ್ರಗಳೂ ಇದನ್ನೇ ಕೇಳುತ್ತವೆ: ರೋಗದ ಸಹಜ ಗತಿ ತಿಳಿದಿರಬೇಕು, ಪರೀಕ್ಷೆ ಜನರಿಗೆ ಒಪ್ಪಿಗೆಯಾಗಬೇಕು, ಖರ್ಚು ಫಲಕ್ಕೆ ತಕ್ಕಂತಿರಬೇಕು.

ಒಪ್ಪಿಗೆಯ ಮಾತು ಇಲ್ಲಿ ಮುಖ್ಯವಾಗುತ್ತದೆ. ತೈಹಾಂಗ್ ಸೀಮೆಯದೇ ಆದ ಹೆಬೈ ಪ್ರಾಂತ್ಯದ ಸಿಶಿಯನ್ ಜಿಲ್ಲೆಯಲ್ಲಿ 40ರಿಂದ 69 ವರ್ಷದವರಿಗೆ ಒಂದೇ ಒಂದು ಬಾರಿ ಎಂಡೋಸ್ಕೋಪಿ ಮಾಡಿ ಹತ್ತು ವರ್ಷ ಕಾದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಕರೆದ ಹಳ್ಳಿಗಳಲ್ಲಿ ಈ ರೋಗದಿಂದ ಸತ್ತವರು ಶೇಕಡ 3.35; ಕರೆಯದ ಹಳ್ಳಿಗಳಲ್ಲಿ ಶೇಕಡ 5.05. ಕರೆಗೆ ಓಗೊಟ್ಟು ಬಂದವರು ಅರ್ಧಕ್ಕಿಂತ ತುಸು ಕಡಿಮೆ. ಬಾರದವರನ್ನೂ ಸೇರಿಸಿಯೇ ಈ ಲೆಕ್ಕ. ಸಾವು ಮೂರನೆಯ ಒಂದು ಪಾಲು ತಗ್ಗಿದ್ದು ವೈದ್ಯಶಾಸ್ತ್ರದ ಗೆಲುವಾದರೆ, ಅರ್ಧದಷ್ಟು ಜನ ಬಾರದೆ ಉಳಿದದ್ದು ಸಂಸ್ಕೃತಿಯ ಅಧ್ಯಯನಕಾರರು ಗಮನಿಸಬೇಕಾದ ಸಂಗತಿ. ನೋವಿಲ್ಲದ ದೇಹದಲ್ಲಿ ರೋಗವಿದೆಯೆಂದು ನಂಬುವುದು, ನುಂಗಲಾಗದಿದ್ದಾಗ ಮಾತ್ರ ಹೆಸರಿಡುವ ಪರಂಪರೆಗೆ ಸುಲಭವಲ್ಲ.

ಕನ್ನಡದ ನೆಲೆಯಲ್ಲಿಯೂ ಈ ವಿಚಾರ ಪ್ರಸ್ತುತ. 1982ರಿಂದ ಮಾಹಿತಿ ಸಂಗ್ರಹಿಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರ್ ಗಂಡಸರಲ್ಲೂ ಹೆಂಗಸರಲ್ಲೂ ಪ್ರಮುಖವಾದವುಗಳ ಪಟ್ಟಿಯಲ್ಲಿ ಬರುತ್ತ ಬಂದಿದೆ. 2016ರಲ್ಲಿ ಕೇಂದ್ರ ಸರಕಾರ ರೂಪಿಸಿದ ತಪಾಸಣೆಯ ಚೌಕಟ್ಟು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ 30ನೆಯ ವಯಸ್ಸನ್ನು ನಿಗದಿಗೊಳಿಸಿತು. ಅನ್ನನಾಳ ಅದರಲ್ಲಿ ಸೇರಲಿಲ್ಲ. ಲಿನ್‌ಶಿಯನ್ನಿನ ಅಳತೆಗೋಲಿನಿಂದ ನೋಡಿದರೆ ಇದು ಅವಗಣನೆಯೆನಿಸದು. ಬಾಯನ್ನು ಬೆಳಕು ಬಿಟ್ಟು ನೋಡಬಹುದು. ಅನ್ನನಾಳಕ್ಕೆ ಎಂಡೋಸ್ಕೋಪಿಯೇ ಬೇಕು. ರೋಗದ ಸಾಂದ್ರತೆ ಲಿನ್‌ಶಿಯನ್ನಿನಷ್ಟಿಲ್ಲದ ಕಡೆ ಅಲ್ಲಿಯ 45ನ್ನು ಎತ್ತಿ ತಂದು ಎಲ್ಲರಿಗೂ ಅನ್ವಯಿಸಲಾಗದು. ಆದರೆ ಅಲ್ಲಿಯ ಅನುಭವದಿಂದ ಕಲಿಯುವುದು ಇನ್ನೊಂದಿದೆ. ಕನ್ನಡದಲ್ಲಿ ‘ತುತ್ತು ಇಳಿಯುತ್ತಿಲ್ಲ’ ಎಂಬ ಮಾತು ದುಃಖಕ್ಕೂ ಚಿಂತೆಗೂ ಸಲ್ಲುತ್ತದೆ. ಹೊಗೆಸೊಪ್ಪು, ಬೀಡಿ, ಮದ್ಯ ಬಳಸುವ ನಡುವಯಸ್ಸಿನವರೊಬ್ಬರು ಈ ಮಾತನ್ನು ಆಡಿದಾಗ ಮನೆಯವರು ಅದನ್ನು ಮನಸ್ಸಿನ ಭಾರವೆಂದು ತಿಳಿದು ಸುಮ್ಮನಾದರೆ, ಉಳಿದಿರುವ ಅಲ್ಪ ಕಾಲವೂ ಕಳೆದುಹೋಗಬಹುದು. ಸಾಮೂಹಿಕ ತಪಾಸಣೆ ಸಾಧ್ಯವಿಲ್ಲದ ನಾಡಿನಲ್ಲಿ ಈ ಮಾತನ್ನು ಕೇಳಿದ ಕೂಡಲೇ ಪರೀಕ್ಷೆಗೆ ಕಳಿಸುವುದು ಮೊದಲ ಕರ್ತವ್ಯ.

ಒಟ್ಟಿನಲ್ಲಿ, ತಪಾಸಣೆಯ ವಯಸ್ಸೆಂಬುದು ಎಲ್ಲ ಕಾಲಕ್ಕೂ ಎಲ್ಲ ನೆಲಕ್ಕೂ ಸಲ್ಲುವ ಸ್ಥಿರ ಸಂಖ್ಯೆಯಲ್ಲ. ರೋಗ ಎಷ್ಟು ದಟ್ಟವಾಗಿದೆ, ಎಷ್ಟು ನಿಧಾನವಾಗಿ ಬೆಳೆಯುತ್ತದೆ, ಪರೀಕ್ಷೆ ಎಷ್ಟು ನಂಬಲರ್ಹ, ಜನ ಅದಕ್ಕೆ ಎಷ್ಟು ಒಪ್ಪುತ್ತಾರೆ ಎಂಬ ನಾಲ್ಕು ಉತ್ತರಗಳು ಕೂಡಿ ಅದನ್ನು ನಿರ್ಧರಿಸುತ್ತವೆ. ಲಿನ್‌ಶಿಯನ್ನಿನಲ್ಲಿ ಅದು 30ರಿಂದ 45ಕ್ಕೆ ಸರಿಯಲು ಅರ್ಧ ಶತಮಾನ ಹಿಡಿಯಿತು. ಮೊದಲ ಮೂರು ಉತ್ತರಗಳನ್ನು ಪ್ರಯೋಗಾಲಯ ಮತ್ತು ಅಂಕಿಅಂಶಗಳು ಒದಗಿಸಬಲ್ಲವು. ನಾಲ್ಕನೆಯದು ಜನರ ಮಾತು, ನಂಬಿಕೆ ಮತ್ತು ನೆನಪುಗಳಲ್ಲಿ ದೊರೆಯುವಂಥದು. ಅಲ್ಲಿ ಜಾನಪದ ಅಧ್ಯಯನಕ್ಕೆ ಮಾಡಬೇಕಾದ ಕೆಲಸ ಇನ್ನೂ ಸಾಕಷ್ಟಿದೆ.