ಸಿವಿಇ-೨೦೧೫-೫೧೧೯

ಸಿವಿಇ-೨೦೧೫-೫೧೧೯ ಎಂಬುದು ಅಡೋಬಿ ಸಂಸ್ಥೆಯ ಫ್ಲ್ಯಾಶ್ ಪ್ಲೇಯರ್ ಎಂಬ ಬ್ರೌಸರ್ ಪ್ಲಗಿನ್‌ನಲ್ಲಿ ೨೦೧೫ರ ಜುಲೈ ತಿಂಗಳಿನಲ್ಲಿ ಬೆಳಕಿಗೆ ಬಂದ ಗಂಭೀರ ಭದ್ರತಾ ದೋಷವೊಂದರ ಗುರುತಿನ ಸಂಖ್ಯೆ. ದುರುದ್ದೇಶದಿಂದ ರೂಪಿಸಿದ ಜಾಲಪುಟವನ್ನು ಬಳಕೆದಾರನು ತೆರೆದ ಮಾತ್ರಕ್ಕೇ ದಾಳಿಕೋರರು ಆತನ ಗಣಕಯಂತ್ರದಲ್ಲಿ ತಮಗೆ ಬೇಕಾದ ತಂತ್ರಾಂಶವನ್ನು ನಡೆಸಲು ಇದು ಅವಕಾಶ ನೀಡುತ್ತಿತ್ತು. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಆವೃತ್ತಿಗಳೆಲ್ಲವೂ ಈ ದೋಷಕ್ಕೆ ಒಳಗಾಗಿದ್ದವು.

ಹಿನ್ನೆಲೆ

ಜಾಲಪುಟಗಳಲ್ಲಿ ವಿಡಿಯೊ, ಆಟ ಹಾಗೂ ಚಲಿಸುವ ಚಿತ್ರಗಳನ್ನು ತೋರಿಸಲು ಫ್ಲ್ಯಾಶ್ ಬಹುಕಾಲ ವ್ಯಾಪಕವಾಗಿ ಬಳಕೆಯಲ್ಲಿತ್ತು. ಮ್ಯಾಕ್ರೋಮೀಡಿಯಾ ಸಂಸ್ಥೆಯ ಒಡೆತನದಲ್ಲಿದ್ದ ಇದು ೨೦೦೫ರಲ್ಲಿ ಅಡೋಬಿಯ ವಶಕ್ಕೆ ಬಂದಿತು. ಅಸಂಖ್ಯಾತ ಗಣಕಯಂತ್ರಗಳಲ್ಲಿ ಇದ್ದುದರಿಂದ ಇದರ ದೋಷಗಳನ್ನು ಹುಡುಕುವವರೂ ಅನೇಕರಿದ್ದರು.

ದೋಷದ ಸ್ವರೂಪ

ಫ್ಲ್ಯಾಶ್‌ನ ಆಕ್ಷನ್‌ಸ್ಕ್ರಿಪ್ಟ್ ೩ ಭಾಷೆಯ 'ಬೈಟ್‌ಅರೇ' ಎಂಬ ವರ್ಗದಲ್ಲಿ ಈ ದೋಷವಿತ್ತು. ಅದರಲ್ಲಿ ಒಂದು ಮೌಲ್ಯವನ್ನು ಬರೆಯುವ ಮುನ್ನ ಆ ಮೌಲ್ಯವನ್ನು ಲೆಕ್ಕಹಾಕುವ ಕಾರ್ಯವು ನಡೆಯುತ್ತದೆ. ದಾಳಿಕೋರರು ಈ ನಡುವೆಯೇ ಬೈಟ್‌ಅರೇಯ ಗಾತ್ರವನ್ನು ಬದಲಿಸುತ್ತಿದ್ದರು. ಆಗ ಹಳೆಯ ಸ್ಮೃತಿಸ್ಥಳ ತೆರವಾಗುತ್ತಿತ್ತು. ಆದರೆ ಪ್ಲಗಿನ್ ಅದನ್ನು ಅರಿಯದೆ ಅಲ್ಲಿಯೇ ಬರೆಯುತ್ತಿತ್ತು. ಮನೆ ಖಾಲಿ ಮಾಡಿದ ಬಾಡಿಗೆದಾರನು ಹಳೆಯ ಬೀಗದ ಕೈಯಿಂದ ಮತ್ತೆ ಒಳಹೊಕ್ಕಂತೆ ಇದು. ಆ ವೇಳೆಗೆ ಅದೇ ಸ್ಥಳವನ್ನು ಬೇರೆ ದತ್ತಾಂಶಕ್ಕೆ ನೀಡಲಾಗಿದ್ದರೆ ಅದನ್ನು ತಿದ್ದಿ, ಕ್ರಮೇಣ ಇಡೀ ಪ್ಲಗಿನ್‌ನ ಮೇಲೆ ಹಿಡಿತ ಸಾಧಿಸಬಹುದಾಗಿತ್ತು.

ಬಹಿರಂಗವಾದ ಬಗೆ

ಇಟಲಿಯ ಮಿಲಾನ್ ನಗರದ ಹ್ಯಾಕಿಂಗ್ ಟೀಮ್ ಎಂಬ ಸಂಸ್ಥೆಯು ವಿವಿಧ ದೇಶಗಳ ಸರ್ಕಾರಗಳಿಗೆ ಗೂಢವೀಕ್ಷಣೆಯ ತಂತ್ರಾಂಶವನ್ನು ಮಾರುತ್ತಿತ್ತು. ೨೦೧೫ರ ಜುಲೈ ೫ರಂದು ಆ ಸಂಸ್ಥೆಯಿಂದ ಕಳವಾಗಿದ್ದ ಸುಮಾರು ೪೦೦ ಗಿಗಾಬೈಟ್ ಮಾಹಿತಿಯು ಅಂತರಜಾಲದಲ್ಲಿ ಪ್ರಕಟವಾಯಿತು. ಈ ದೋಷದ ವಿವರಣೆ ಹಾಗೂ ಅದನ್ನು ಬಳಸುವ ಸಿದ್ಧ ಸಂಕೇತ ಅದರಲ್ಲಿದ್ದವು. ಸಂಸ್ಥೆಯು ಇದನ್ನು ಅಡೋಬಿಗೆ ತಿಳಿಸದೆ ತನ್ನ ವ್ಯವಹಾರಕ್ಕಾಗಿ ಇರಿಸಿಕೊಂಡಿತ್ತು. ಸೋರಿಕೆಯಾದ ಕೆಲವೇ ದಿನಗಳಲ್ಲಿ ಆಂಗ್ಲರ್, ನ್ಯೂಟ್ರಿನೊ ಮೊದಲಾದ ದಾಳಿ ಸಾಧನಗಳಲ್ಲಿ ಅದು ಸೇರ್ಪಡೆಯಾಯಿತು.

ಪರಿಹಾರ ಮತ್ತು ಪರಿಣಾಮ

ಅಡೋಬಿಯು ಜುಲೈ ೮ರಂದು ೧೮.೦.೦.೨೦೩ ಆವೃತ್ತಿಯ ಮೂಲಕ ದೋಷವನ್ನು ಸರಿಪಡಿಸಿತು. ಆದರೆ ಅದೇ ಸೋರಿಕೆಯಲ್ಲಿ ಇನ್ನೆರಡು ದೋಷಗಳು ಕಂಡುಬಂದುದರಿಂದ ಜುಲೈ ೧೪ರಂದು ಮತ್ತೊಂದು ಪರಿಷ್ಕರಣೆ ಅಗತ್ಯವಾಯಿತು. ಈ ನಡುವೆ ಮೊಜಿಲ್ಲಾ ತನ್ನ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ದೋಷಪೂರಿತ ಫ್ಲ್ಯಾಶ್ ಆವೃತ್ತಿಗಳನ್ನು ತಡೆಹಿಡಿಯಿತು. ಫೇಸ್‌ಬುಕ್‌ನ ಅಂದಿನ ಭದ್ರತಾ ಮುಖ್ಯಸ್ಥ ಅಲೆಕ್ಸ್ ಸ್ಟಾಮೋಸ್ ಅವರು ಫ್ಲ್ಯಾಶ್‌ನ ಕೊನೆಯ ದಿನಾಂಕವನ್ನು ಘೋಷಿಸುವಂತೆ ಅಡೋಬಿಯನ್ನು ಒತ್ತಾಯಿಸಿದರು. ಅಡೋಬಿಯು ೨೦೧೭ರ ಜುಲೈನಲ್ಲಿ ಅಂತಹ ಘೋಷಣೆ ಮಾಡಿ, ೨೦೨೦ರ ಡಿಸೆಂಬರ್ ೩೧ರಂದು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ೨೦೨೧ರ ಜನವರಿ ೧೨ರಿಂದ ಫ್ಲ್ಯಾಶ್ ಪ್ಲೇಯರ್ ತನ್ನಲ್ಲಿ ಕಡತಗಳು ತೆರೆಯುವುದನ್ನೇ ತಡೆಯಲಾರಂಭಿಸಿತು.

ತಂತ್ರಾಂಶದ ದೋಷವನ್ನು ಕಂಡವರು ಅದನ್ನು ತಯಾರಕರಿಗೆ ತಿಳಿಸದೆ ಗುಟ್ಟಾಗಿರಿಸಿಕೊಂಡರೆ, ಆ ಗುಟ್ಟು ಹೊರಬಿದ್ದಾಗ ಅಪಾಯಕ್ಕೆ ಒಳಗಾಗುವವರು ಸಾಮಾನ್ಯ ಬಳಕೆದಾರರೇ ಎಂಬುದಕ್ಕೆ ಈ ಪ್ರಕರಣವು ನಿದರ್ಶನವಾಗಿದೆ.