ಅಚ್ಚು ಒಂದು, ಊರು ಹಲವು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಕ್ಕಪಕ್ಕದ ಊರುಗಳಾದರೂ ಒಂದರ ಹಾಗೆ ಇನ್ನೊಂದಿಲ್ಲ. ಶಿಡ್ಲಘಟ್ಟವೆಂದರೆ ರೇಷ್ಮೆಗೂಡು, ಗೌರಿಬಿದನೂರೆಂದರೆ ವಿದುರಾಶ್ವತ್ಥ, ಚಿಂತಾಮಣಿಯೆಂದರೆ ಕೈವಾರ, ಚಿಕ್ಕಬಳ್ಳಾಪುರವೆಂದರೆ ನಂದಿ. ಆದರೆ ಸರ್ಕಾರದ ಪುಸ್ತಕಗಳಲ್ಲಿ ಹುಡುಕಿ ನೋಡಿ, ಎಲ್ಲವೂ ಶಾಲೆಯ ಮಕ್ಕಳಂತೆ ಒಂದೇ ಸಮವಸ್ತ್ರ ತೊಟ್ಟು ನಿಂತಿರುತ್ತವೆ.

ಆ ಸಮವಸ್ತ್ರಕ್ಕೆ ಅಳತೆ ತೆಗೆದವರಲ್ಲಿ ಬಿ.ಎಲ್. ರೈಸ್ ಪ್ರಮುಖರು. 1897ರ ಮೈಸೂರು ಗೆಜೆಟಿಯರಿನಲ್ಲಿ ಪ್ರತಿ ಜಿಲ್ಲೆಗೂ ಒಂದೇ ಕ್ರಮ: ನೆಲ, ಇತಿಹಾಸ, ಜನ, ವ್ಯಾಪಾರ, ರಸ್ತೆ, ಆಮೇಲೆ ಊರುಗಳು. ಆಗ ಈ ನಾಲ್ಕೂ ಊರು ಕೋಲಾರ ಜಿಲ್ಲೆಯವು. 1905ರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಅವರು ಆ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಇಂದಿಗೂ ತಾಲ್ಲೂಕಿನ ಹೆಸರು, ಸಂಖ್ಯೆ ಹೇಳಿದರೆ ಸಾಕು, ಎಲ್ಲಿಯ ಓದುಗರಿಗಾದರೂ ಆ ಕಲ್ಲು ಸಿಗುತ್ತದೆ. ಸಂಖ್ಯೆ ಅಧಿಕಾರಿಗಳದು, ಮಾತು ಮಾತ್ರ ಕಲ್ಲಿನದೇ.

ಕಂಪ್ಯೂಟರ್ ಕಾಲದಲ್ಲೂ ಇದೇ ಪ್ರಶ್ನೆ ಎದ್ದಿತು. 1996ರಲ್ಲಿ ಜಾವಾ ಭಾಷೆಯೊಡನೆ ಜಾವಾಡಾಕ್ ಎಂಬ ಸಾಧನ ಬಂತು. ಪ್ರೋಗ್ರಾಂ ಬರೆಯುವವರು ನಡುನಡುವೆ ಬರೆದಿಟ್ಟ ವಿವರಣೆಯನ್ನು ಅದು ಹೆಕ್ಕಿ, ತಾನೇ ಪುಟಗಳನ್ನು ಕಟ್ಟುತ್ತದೆ. ಮುಂದೆ ಮೇವನ್ ಎಂಬುದು ಇಡೀ ಯೋಜನೆಗೇ ಒಂದು ಜಾಲತಾಣ ಕಟ್ಟಿಕೊಡತೊಡಗಿತು. ಒಂದನ್ನು ಓದಲು ಕಲಿತರೆ ಸಾವಿರ ಪುಟ ಓದಬಹುದು. ಆದರೆ ಬರೆದವರು ವಿವರಣೆಯನ್ನೇ ಬರೆಯದಿದ್ದರೆ ಶೀರ್ಷಿಕೆ ಇದ್ದೂ ಒಳಗೆ ಖಾಲಿ. ಬೇಸರವಾಗಿ ಎಲ್ಲವನ್ನೂ ತಮ್ಮಿಷ್ಟದಂತೆ ತಿದ್ದಿಕೊಂಡವರಿಗೆ ಬೇರೆಯೇ ಕಷ್ಟ: ಸಾಧನದ ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಬಿಚ್ಚಿ ಹೊಲಿಯಬೇಕು.

ನಮ್ಮ ಚಕ್ಕುಲಿ ಒರಳನ್ನೇ ನೋಡಿ. ಒರಳು ಒಂದೇ, ಒಳಗಿನ ಬಿಲ್ಲೆ ಬದಲಿಸಿದರೆ ಒಮ್ಮೆ ಚಕ್ಕುಲಿ, ಒಮ್ಮೆ ಓಂಪುಡಿ. ಹಬ್ಬಕ್ಕೊಂದು ಒರಳು ಕೊಳ್ಳುವುದು ದಂಡ, ಒಂದೇ ಬಿಲ್ಲೆಯಲ್ಲಿ ಎಲ್ಲವನ್ನೂ ಒತ್ತುವುದು ಸಪ್ಪೆ. ಮೇವನ್ ಮಾಡಿದವರೂ ಹೀಗೆಯೇ ಮೈಕಟ್ಟನ್ನು ಉಳಿಸಿಕೊಂಡು ಮೇಲಿನ ರೂಪವನ್ನಷ್ಟೇ ಬದಲಿಸುವ ದಾರಿ ಇಟ್ಟರು. ಅದಕ್ಕೆ ಅವರು ಇಟ್ಟ ಹೆಸರು ‘ಸ್ಕಿನ್’, ಅಂದರೆ ಚರ್ಮ.

ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು. ಅದರ ಜಾಲತಾಣವೂ ದೇಶದ ನೂರಾರು ಜಿಲ್ಲೆಗಳಂತೆ ಎನ್‌ಐಸಿಯ ಎಸ್‌ತ್ರೀವಾಸ್ ಎಂಬ ಒಂದೇ ಅಚ್ಚಿನಲ್ಲಿ ಮೂಡಿದ್ದು. ಇದರಿಂದ ಅನುಕೂಲವಿದೆ. ಭದ್ರತೆಯ ಒಂದು ರಿಪೇರಿ ಎಲ್ಲ ಕಡೆಗೂ ಒಟ್ಟಿಗೆ ತಲುಪುತ್ತದೆ, ಕಣ್ಣು ಕಾಣದವರಿಗೆ ಓದಿ ಹೇಳುವ ಯಂತ್ರಕ್ಕೂ ಪುಟ ತಿಳಿಯುತ್ತದೆ. ಪ್ರವಾಸದ ಅಂಕಣದಲ್ಲಿ ನಂದಿಬೆಟ್ಟ ಸಲೀಸಾಗಿ ಕೂರುತ್ತದೆ.

ಕೂರದವೂ ಇವೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂದರೆ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸಂಖ್ಯೆಗೆಂದು ಬಿಟ್ಟ ಚೌಕದಲ್ಲಿ ಒಂದೇ ಲೆಕ್ಕ ಹಿಡಿಯುತ್ತದೆ, ಇನ್ನೊಂದು ಹೊರಗೆ ನಿಲ್ಲುತ್ತದೆ. ಶಿಡ್ಲಘಟ್ಟದ ರೇಷ್ಮೆಯೂ ಹಾಗೆಯೇ. ‘ಉತ್ಪನ್ನ’ ಎಂಬ ಶೀರ್ಷಿಕೆಯಡಿ ನೂಲು ಬರುತ್ತದೆ. ಬಿಸಿನೀರಿನಲ್ಲಿ ಕೈಯಿಟ್ಟು, ಗೂಡಿನ ಎಳೆ ಹುಡುಕುತ್ತ ಬೆರಳು ಬಿಳಿಚಿಕೊಂಡ ಹೆಂಗಸು ಯಾವ ಶೀರ್ಷಿಕೆಗೆ ಸೇರುತ್ತಾಳೆ?

ಅಚ್ಚು ಬೇಡವೆಂದು ನಾನು ಹೇಳಲಾರೆ. ರೈಸರ ಸಂಖ್ಯೆಗಳಿಲ್ಲದಿದ್ದರೆ ಎಷ್ಟೋ ಕಲ್ಲುಗಳು ಯಾರಿಗೂ ಸಿಗುತ್ತಿರಲಿಲ್ಲ. ಆದರೆ ಪ್ರತಿ ಊರಿಗೂ ಶೀರ್ಷಿಕೆಯಿಲ್ಲದ ಒಂದು ಪುಟ ಬಿಡಲಿ, ಅದನ್ನು ತುಂಬುವ ಕೆಲಸ ಊರಿನವರದಾಗಲಿ. ಆ ಪುಟದಲ್ಲಿ ವಿದುರಾಶ್ವತ್ಥದವರು ಎರಡೂ ಲೆಕ್ಕ ಬರೆಯಬಹುದು, ಶಿಡ್ಲಘಟ್ಟದ ಹೆಂಗಸರು ತಮ್ಮ ಕೈಯ ಕಥೆ ಬರೆಯಬಹುದು.