ಬೆಂಕಿಗೆ ಬಗ್ಗದ್ದು ಬಿಲ್ಡರ್‌ಗೆ ಬಗ್ಗಿತು

ಕಗ್ಗದಾಸಪುರದಲ್ಲಿ ಮಕ್ಕಳನ್ನ ಜೈಂಟ್ ವೀಲ್ ಹತ್ತಿಸಬೇಕು ಅಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ? ಬಿಡದಿಯ ವಂಡರ್‌ಲಾಗೆ ಹೋಗೋಕೆ ಇಡೀ ಬೆಂಗಳೂರು ದಾಟಬೇಕು. ದೊಡ್ಡವರ ಟಿಕೆಟ್ಟೇ ಸಾವಿರ ರೂಪಾಯಿ ಮೇಲೆ. ನಾಲ್ಕು ಜನರ ಸಂಸಾರ ಹೋಗಿ ಬಂದ್ರೆ ತಿಂಗಳ ಲೆಕ್ಕ ಗೋವಿಂದ!

ನೂರು ವರ್ಷದ ಹಿಂದೆ ನ್ಯೂಯಾರ್ಕ್‌ನ ಕೂಲಿಕಾರರಿಗೆ ಈ ಚಿಂತೆ ಇರಲಿಲ್ಲ. ಅವರಿಗೆ ಕೋನಿ ಐಲ್ಯಾಂಡ್ ಇತ್ತು. ಬ್ರೂಕ್ಲಿನ್‌ನ ಸಮುದ್ರ ತೀರ ಅದು. 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಅನ್ನೋರು ಅಲ್ಲಿ ಇಳಿಜಾರಿನ ಆಟದ ರೈಲು ಓಡಿಸಿದರು. ವೇಗ ಗಂಟೆಗೆ ಹತ್ತು ಕಿಲೋಮೀಟರ್, ಟಿಕೆಟ್ ಐದು ಸೆಂಟ್. ಇವತ್ತಿನ ರೋಲರ್ ಕೋಸ್ಟರ್‌ಗಳ ಅಜ್ಜ ಇದೇ. 1920ರಲ್ಲಿ ಸಬ್‌ವೇ ರೈಲು ಬಂತು. ಅದರ ಟಿಕೆಟ್ಟೂ ಐದೇ ಸೆಂಟ್. ಬಡವರ ಭಾನುವಾರಕ್ಕೆ ಬಾಗಿಲು ತೆರೆದದ್ದು ಸಮುದ್ರವಲ್ಲ ಸ್ವಾಮಿ, ಆ ಟಿಕೆಟ್.

ಅಲ್ಲಿ ಮೂರು ದೊಡ್ಡ ಪಾರ್ಕ್‌ಗಳಿದ್ದವು. ಡ್ರೀಮ್‌ಲ್ಯಾಂಡ್ 1911ರಲ್ಲಿ ಸುಟ್ಟುಹೋಯಿತು. ಲಕ್ಷಾಂತರ ದೀಪಗಳ ಲೂನಾ ಪಾರ್ಕ್ 1944ರಲ್ಲಿ ಬೆಂಕಿಗೆ ಬಲಿಯಾಯಿತು. ಮೂರನೆಯದು ಸ್ಟೀಪಲ್‌ಚೇಸ್. ಹಳಿಯ ಮೇಲೆ ಮರದ ಕುದುರೆ ಓಡಿಸುವ ಆಟಕ್ಕೆ ಅದು ಹೆಸರುವಾಸಿ. 1907ರಲ್ಲಿ ಅದೂ ಸುಟ್ಟಿತು. ಮಾಲೀಕ ಜಾರ್ಜ್ ಟಿಲ್ಯೂ ಏನು ಮಾಡಿದರು ಗೊತ್ತಾ? ಹೊಗೆಯಾಡುವ ಅವಶೇಷ ನೋಡೋಕೆ ಹತ್ತು ಸೆಂಟ್ ಅಂತ ಬೋರ್ಡ್ ಹಾಕಿದರು! ಪಾರ್ಕ್ ಮತ್ತೆ ಕಟ್ಟಿದರು. 1964ರವರೆಗೂ ನಡೀತು.

ಆಮೇಲೆ ಬಂದವರು ಬಿಲ್ಡರ್ ಫ್ರೆಡ್ ಟ್ರಂಪ್, ಡೊನಾಲ್ಡ್ ಟ್ರಂಪ್ ಅವರ ತಂದೆ. ಜಾಗ ಕೊಂಡು ಅಪಾರ್ಟ್‌ಮೆಂಟ್ ಕಟ್ಟೋ ಲೆಕ್ಕ. 1966ರಲ್ಲಿ ಪಾರ್ಟಿ ಕೊಟ್ಟು, ಪಾರ್ಕಿನ ಗುರುತಾಗಿದ್ದ ನಗುಮುಖದ ಗಾಜಿಗೆ ಅತಿಥಿಗಳ ಕೈಯಲ್ಲಿ ಇಟ್ಟಿಗೆ ಹೊಡೆಸಿದರು. ಆದರೆ ಅಪಾರ್ಟ್‌ಮೆಂಟ್‌ಗೆ ನಗರಾಡಳಿತದ ಒಪ್ಪಿಗೆ ಸಿಗಲೇ ಇಲ್ಲ. ಆಟವೂ ಇಲ್ಲ, ಮನೆಯೂ ಇಲ್ಲ. ಅಲ್ಲಿ ಬೇಸ್‌ಬಾಲ್ ಮೈದಾನ ಬಂದದ್ದು 2001ರಲ್ಲಿ.

ಹಾಗಾದರೆ ಕೋನಿ ಐಲ್ಯಾಂಡ್‌ನಲ್ಲಿ ಇವತ್ತು ಏನೂ ಉಳಿದಿಲ್ವಾ? ಉಳಿದಿದೆ. 1927ರ ಸೈಕ್ಲೋನ್ ಅನ್ನೋ ಮರದ ಹಳಿಯ ರೋಲರ್ ಕೋಸ್ಟರ್ ಇನ್ನೂ ಓಡ್ತಿದೆ. 1920ರ ವಂಡರ್ ವೀಲ್ ಇನ್ನೂ ತಿರುಗ್ತಿದೆ. ಇವು ತಾವಾಗಿಯೇ ಉಳಿದವಲ್ಲ. ಸೈಕ್ಲೋನ್ ತೆಗೆದುಹಾಕೋ ಮಾತು ಬಂದಾಗ ಜನ ಸುಮ್ಮನಿರಲಿಲ್ಲ. 1988ರಲ್ಲಿ ಸೈಕ್ಲೋನ್, 1989ರಲ್ಲಿ ವಂಡರ್ ವೀಲ್ ನಗರದ ಸಂರಕ್ಷಿತ ಸ್ಮಾರಕಗಳಾದವು. ಹೌದು, ಜೈಂಟ್ ವೀಲ್ ಕೂಡ ಸ್ಮಾರಕ!

ನಮ್ಮಲ್ಲಿ ಸ್ಮಾರಕ ಅಂದ್ರೆ ಕೋಟೆ, ಗುಡಿ, ಅರಮನೆ. ಬಡವರ ಮಕ್ಕಳು ಕೇಕೆ ಹಾಕಿ ನಕ್ಕ ಜಾಗ ಯಾವ ಪಟ್ಟಿಯಲ್ಲೂ ಇರಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸೈಟ್ ಆಗೋಕೆ ಎಷ್ಟು ಹೊತ್ತು ಬೇಕು? ನಿಮ್ಮ ಬಡಾವಣೆಯಲ್ಲಿ ಉಳಿದಿರೋ ಕೊನೆಯ ಖಾಲಿ ಮೈದಾನ ಯಾರ ಹೆಸರಲ್ಲಿದೆ? ಮೊದಲು ಅದನ್ನ ವಿಚಾರಿಸಿ.